ಮುಂದೆ ಹೊಸದು, ಹಿಂದೆ ರಿಮೋಲ್ಡ್

"ಯಪ್ಪಾ, ಗಾಡಿ ಹಿಂದಿನ ಟಾಯರ್ ಬದಲಿ ಮಾಡಬೇಕಾತು."

ಸಂಕ್ರಮಣ ಮುಗಿದ ಮರುವಾರ, ಬೆಳಗಿನ ಚಹಾದ ಹೊತ್ತಿಗೆ ಧರ್ಮರಾಜ ಇಷ್ಟು ಅಂದ. ಅನ್ನದೆ ಹೋಗಿ ಹಾಕಿಸಿಕೊಂಡು ಬಂದಿದ್ದರೆ ಮುಂದಿನದೇನೂ ಆಗುತ್ತಿರಲಿಲ್ಲ. ಆದರೆ ಬೀಳಗಿಯ ಆ ಮನೆಯಲ್ಲಿ ಅಪ್ಪ ಹಣಮಪ್ಪನಿಗೆ ಹೇಳದೆ ಟೈರು ಹಾಕಿಸುವುದೆಂದರೆ ದೇವರಿಗೆ ಎಡೆ ಹಿಡಿಯದೆ ಹಬ್ಬದ ಊಟಕ್ಕೆ ಕೂತಂತೆ.

ಹಣಮಪ್ಪ ಜಮಖಂಡಿಯ ಬಸ್ ಡಿಪೋದಲ್ಲಿ ಮೂವತ್ತೊಂದು ವರ್ಷ ಟೈರ್ ಸೆಕ್ಷನ್ನಿನಲ್ಲಿ ದುಡಿದವನು. ನಿವೃತ್ತನಾಗಿ ಹದಿನೈದು ವರ್ಷವಾದರೂ ಬಲಗೈ ಹೆಬ್ಬೆರಳಿನ ಚರ್ಮ ಇನ್ನೂ ದಪ್ಪಗೆ, ಕಪ್ಪಗೆ ಇತ್ತು. ಆ ಹೆಬ್ಬೆರಳನ್ನು ಟೈರಿನ ಮೇಲೆ ಒಮ್ಮೆ ಎಳೆದನೆಂದರೆ ಅದು ಇನ್ನೆಷ್ಟು ದಿನ ಓಡುತ್ತದೆ ಎಂದು ಹೇಳುತ್ತಿದ್ದ. ಡ್ರೈವರುಗಳು ಅವನನ್ನು ಜೋಯಿಸರು ಎಂದೇ ಕರೆಯುತ್ತಿದ್ದರಂತೆ. ಹಾಗಂತ ಅವನೇ ಹೇಳುತ್ತಿದ್ದ, ಮನೆಯವರು ನಂಬಿದ್ದರು.

ಚಹಾದ ಕಪ್ಪು ಕೆಳಗಿಟ್ಟು ಅಂಗಳಕ್ಕೆ ಇಳಿದ. ಮೊಣಕಾಲು ನೋವಿಗೆ ಮುಖ ಹಿಂಡಿಕೊಂಡೇ ಬೈಕಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಹಿಂದಿನ ಟೈರು ಮುಟ್ಟಿದ, ಮುಂದಿನದು ಮುಟ್ಟಿದ.

"ಹಿಂದಿಂದು ಬೋಳಾಗೈತಿ, ಖರೆ. ಮುಂದಿಂದೂ ಅರ್ಧಾ ಹೋಗೈತಿ. ಮುಂದ ಹೊಸಾದು ಹಾಕಸು. ಹಿಂದ ರಿಮೋಲ್ಡ್ ಮಾಡಸು."

"ಎರಡೂ ಹೊಸಾವ ಹಾಕಸ್ತೇನಿ ಬಿಡು ಯಪ್ಪಾ. ಮೂರ ನಾಕ ವರ್ಷ ಚಿಂತಿ ಇಲ್ಲ."

"ಯಾಕ? ಹಿಂದಿಂದರ ಕೇಸಿಂಗ್ ಗಟ್ಟಿ ಐತಿ. ಮ್ಯಾಲಿನ ರಬ್ಬರ್ ಅಷ್ಟ ಸವದೈತಿ. ಹೊಸಾ ಪಟ್ಟಿ ಕಾಸಿ ಕೂಡಿಸಿದ್ರ ಇನ್ನೊಂದ ಜನ್ಮ ಓಡ್ತೈತಿ. ಡಿಪೋದಾಗ ಒಂದ ಕಾಯ್ದೆ ಇತ್ತು: ಮುಂದ ಹೊಸಾದು, ಹಿಂದ ರಿಮೋಲ್ಡ್. ಮೂವತ್ತೊಂದ ವರ್ಷದಾಗ ಯಾವ ಸಾಹೇಬನೂ ಅದನ್ನ ಮುರೀಲಿಲ್ಲ."

ಮೊಮ್ಮಗ ಯುವರಾಜ ಡಿಪ್ಲೊಮಾ ಎರಡನೆಯ ವರ್ಷದವನು. ಹಲ್ಲುಜ್ಜುತ್ತ ಅಂಗಳದ ಮೂಲೆಯಲ್ಲಿ ನಿಂತಿದ್ದವನು ಬಾಯಿ ಮುಕ್ಕಳಿಸಿ ಬಂದ.

"ಮುತ್ಯಾ, ಬಸ್ಸಿಗೆ ಹಿಂದ ಜೋಡಿ ಟಾಯರ್ ಇರ್ತಾವು. ಒಂದ ಹೋದ್ರ ಬಾಜೂಕಿಂದು ಹಿಡೀತೈತಿ. ನಮ್ಮ ಗಾಡಿಗೆ ಬಾಜೂಕ ಯಾರ ಅದಾರ?"

"ನೀ ಮೊದಲ ಪಾಸಾಗು. ಆಮ್ಯಾಲ ನನಗ ಕಲಸಾಕ ಬಾ."

ಅಡುಗೆಮನೆಯ ಬಾಗಿಲಲ್ಲಿ ಧರ್ಮರಾಜನ ಹೆಂಡತಿ ಅಂಜನಾ ಹಿಟ್ಟಿನ ಕೈಯಲ್ಲೇ ನಿಂತು ಇದೆಲ್ಲ ಕೇಳುತ್ತಿದ್ದಳು. ಮೂವರು ಗಂಡಸರು ಟೈರಿನ ಸುತ್ತ ಕೂತು ನಿಂತು ಮಾತಾಡಿದರೇ ಹೊರತು ಒಬ್ಬನೂ ತಿರುಗಿ ಅವಳನ್ನು ನೋಡಲಿಲ್ಲ. ಆ ಹಿಂದಿನ ಟೈರಿನ ಮೇಲೆ ದಿನಾಲು ಕೂಡುತ್ತಿದ್ದವಳು ಅವಳು.

ಅಂಜನಾ ಅನಗವಾಡಿ ದಾರಿಯ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಮನೆಯಿಂದ ಹನ್ನೆರಡು ಕಿಲೋಮೀಟರು. ಬೆಳಿಗ್ಗೆ ಏಳಕ್ಕೊಂದು ಬಸ್ಸಿದೆ, ಆಮೇಲಿನದು ಹತ್ತಕ್ಕೆ. ಏಳರ ಬಸ್ಸಿಗೆ ಹೋಗಬೇಕೆಂದರೆ ನಾಲ್ಕೂವರೆಗೆ ರೊಟ್ಟಿ ಬಡಿಯಬೇಕು, ಹತ್ತರದಕ್ಕೆ ಹೋದರೆ ಪ್ರಾರ್ಥನೆ ಮುಗಿದಿರುತ್ತದೆ. ಹಾಗಾಗಿ ಬೀಳಗಿಯ ಕಾಲೇಜೊಂದರಲ್ಲಿ ಗುಮಾಸ್ತನಾಗಿದ್ದ ಧರ್ಮರಾಜ ಅವಳನ್ನು ಬೆಳಿಗ್ಗೆ ಗಾಡಿಯ ಮೇಲೆ ಬಿಟ್ಟು ಬಂದು, ಸಂಜೆ ಹೋಗಿ ಕರೆದುಕೊಂಡು ಬರುತ್ತಿದ್ದ. ಆರು ವರ್ಷದ ರೂಢಿ. ಪ್ರತಿ ಜೂನ್ ತಿಂಗಳು ಹೊಸದಾಗಿ ಅರ್ಜಿ ಹಾಕಿ ಹಿಡಿದ ಕೆಲಸವಾದರೂ ಅವಳಿಗೆ ಅದರ ಮೇಲೆ ಜೀವ.

ಅವತ್ತು ಗಾಡಿಯ ಮೇಲೆ ಅವಳು ಹಿಂದಿನಿಂದ ಹೇಳಿದಳು, "ಮಾವಾರ ಏನರ ಅನಲಿ, ನೀವು ಗಟ್ಟಿ ಇರೂದ ಹಾಕಸ್ರಿ. ಕಬ್ಬಿನ ಟ್ರ್ಯಾಕ್ಟರ್ ಮುಂದೊಂದು ಹಿಂದೊಂದು ಇರ್ತಾವು. ನನಗ ಜೀಂವ ಝಲ್ ಅಂತೈತಿ."

"ಹೂಂ," ಅಂದ ಧರ್ಮರಾಜ.

ಧರ್ಮರಾಜನ ಹೂಂ ಎಂದರೆ ಹೌದೂ ಅಲ್ಲ, ಅಲ್ಲವೂ ಅಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಮನುಷ್ಯ. ಹೊರಗಿನವರಿಗೆ ಇಂಥವರು ಬಹಳ ಒಳ್ಳೆಯವರಾಗಿ ಕಾಣುತ್ತಾರೆ, ಇವರ ಜೊತೆ ಬಾಳುವೆ ಮಾಡುವವರ ಪಾಡು ಬೇರೆ.

ಅವನ ಕಷ್ಟವೂ ಸುಳ್ಳಲ್ಲ. ಎರಡು ಟೈರಿನ ದುಡ್ಡು ಅವನ ಹತ್ತಿರ ಇತ್ತು. ಇಲ್ಲದ್ದು ಅಪ್ಪನಿಗೆ ಇಲ್ಲ ಎನ್ನುವ ಧೈರ್ಯ. ಹೋದ ಒಂದು ವರ್ಷದಲ್ಲಿ ಮನೆಯವರು ಹಣಮಪ್ಪನ ಕೈಯಿಂದ ಒಂದೊಂದೇ ಕೆಲಸ ಬಿಡಿಸಿಕೊಂಡಿದ್ದರು. ಅವನು ಒಂದೇ ಲೈಟ್ ಬಿಲ್ ಎರಡು ಸಲ ಕಟ್ಟಿ ಬಂದ ಮೇಲೆ ಅದು ಯುವರಾಜನ ಮೊಬೈಲಿಗೆ ಹೋಯಿತು. ಕಣ್ಣಿನ ಆಪರೇಷನ್ ಆದ ಮೇಲೆ ಸಂತೆಯ ಚೀಲ ಅಂಜನಾಳ ಹೆಗಲಿಗೆ ಬಂತು. ಮಾತ್ರೆ ಮರೆಯುತ್ತಾನೆಂದು ಡಬ್ಬಿಯೇ ಹೆಂಡತಿ ಸಾತವ್ವನ ಸೆರಗಿನ ಮರೆಗೆ ಸೇರಿತು. ಹಣಮಪ್ಪ ಒಂದೊಂದನ್ನೂ ಬಿಟ್ಟುಕೊಟ್ಟ. ಕಟ್ಟೆಯ ಮೇಲೆ ಕೂತು ಹೋಗುವ ಬರುವ ಗಾಡಿಗಳ ಟೈರು ನೋಡುತ್ತಿದ್ದ. ಆ ಓಣಿಯಲ್ಲಿ ಅವನನ್ನು ಯಾರಾದರೂ ಏನಾದರೂ ಕೇಳುತ್ತಿದ್ದರೆ ಅದು ಟೈರಿನ ಮಾತು ಮಾತ್ರ.

ರಾತ್ರಿ ಊಟಕ್ಕೆ ಕೂತಾಗ ಯುವರಾಜ ಮತ್ತೆ ತೆಗೆದ. ಮಡಕಿಕಾಳಿನ ಪಲ್ಯ, ರೊಟ್ಟಿ, ಮಜ್ಜಿಗೆ.

"ಅಪ್ಪಾ, ಆ ಟಾಯರ್ ಮ್ಯಾಲಿನ ನಂಬರ್ ನೋಡಿದ್ನಿ. ಆರ ವರ್ಷದ ಹಿಂದ ತಯಾರಾದದ್ದದು. ಇಷ್ಟ ಹಳೇ ಕೇಸಿಂಗ್ ಮ್ಯಾಲ ಪಟ್ಟಿ ಹಾಕಿದ್ರ ನಿಲ್ಲಂಗಿಲ್ಲ."

"ನಂಬರ್ ಓದಾಕ ಬಂದ್ರ ಟಾಯರ್ ತಿಳೀತೈತೇನ?" ಹಣಮಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. "ನಾ ಹನ್ನೆರಡ ವರ್ಷದ ಕೇಸಿಂಗಿಗೆ ಪಟ್ಟಿ ಹಾಕ್ಸಿ ಮುಂಬೈ ಗಾಡಿಗೆ ಏರಿಸೇನಿ."

"ಅದು ಬಸ್ಸು ಮುತ್ಯಾ."

"ಬಸ್ಸಿನ್ಯಾಗ ಮಂದಿ ಕೂಡ್ತಿದ್ದಿಲ್ಲೇನ? ಹೊಟ್ಟು ತುಂಬತಿದ್ವೇನ?"

"ಸುಮ್ನ ಉಣ್ರಿ," ಸಾತವ್ವ ಪಲ್ಯದ ಸೌಟು ಕುಕ್ಕಿದಳು. "ಟಾಯರ್ ಟಾಯರ್ ಅಂತ ಪಲ್ಯಾ ಆರಿ ಹೋತು."

ಊಟ ಮುಗಿಸಿ ಹಣಮಪ್ಪ ಒಂದು ಚೀಟಿ ಬರೆದ. ಮುಧೋಳದಲ್ಲಿ ಶಿದ್ರಾಮಪ್ಪ ಎಂಬವನ ಟೈರಿನ ಅಂಗಡಿ. ಡಿಪೋದಲ್ಲಿ ಇವನ ಕೈಕೆಳಗೆ ಕೆಲಸ ಕಲಿತು ಆಮೇಲೆ ಸ್ವಂತಕ್ಕೆ ರಿಮೋಲ್ಡ್ ಶುರುಮಾಡಿದವನು.

"ನನ್ನ ಹೆಸರ ಹೇಳು. ಮುತುವರ್ಜಿಯಿಂದ ಮಾಡ್ತಾನ. ಆದ್ರ ಗಾಡಿಗೆ ಹಾಕ್ಸೂಕಿಂತ ಮೊದಲ ನನ್ನ ಕೈಗೆ ತೋರಸು."

ಶನಿವಾರ ಓಣಿಯ ಪಂಚರ್ ಅಂಗಡಿಯಲ್ಲಿ ಮುಂದಿನದಕ್ಕೆ ಹೊಸ ಟೈರು ಬಂತು, ಹಿಂದಿನ ಟೈರು ಬಿಚ್ಚಿದರು. ಧರ್ಮರಾಜ ಆ ಬೋಳು ಟೈರನ್ನು ತೋಳಿಗೆ ಹಾಕಿಕೊಂಡು ಮುಧೋಳದ ಬಸ್ಸು ಹತ್ತಿದ. ಪಕ್ಕದಲ್ಲಿ ಕೂತ ಮುದುಕಿ ಸೀರೆ ಕರಿಯಾದೀತೆಂದು ಸರಿದು ಕೂತಳು.

ಶಿದ್ರಾಮಪ್ಪ ಚೀಟಿ ಓದಿ ನಕ್ಕ. "ಗುರುಗಳ ಅಕ್ಷರ ಇನ್ನೂ ಮುತ್ತಿನಂಗ ಅದಾವಲ್ಲ! ಆದ್ರ ತಮ್ಮಾ, ನಾ ಬೈಕಿಗೆ ರಿಮೋಲ್ಡ್ ಹೊಡ್ಯೂದ ಬಿಟ್ಟು ಎಂಟ ವರ್ಷಾತು. ಲಾರಿ, ಟ್ರ್ಯಾಲಿ ಅಷ್ಟ ಮಾಡ್ತೇನಿ. ಹೊಸಾದ ಒಯ್ಯಿ."

ಧರ್ಮರಾಜನಿಗೆ ತಲೆಯ ಮೇಲಿನ ಹೊರೆ ಇಳಿದಂತಾಯಿತು. ಹಳೆಯದನ್ನು ಅಲ್ಲೇ ಬಿಟ್ಟು ಹೊಸ ಟೈರು ಕೊಂಡ. ಬಸ್ಸಿನಲ್ಲಿ ಬರುವಾಗ ಒಂದು ಉಪಾಯವನ್ನೂ ಹೊಂದಿಸಿಕೊಂಡ. ಅದೂ ಅವನಂಥವನಿಗೇ ಹೊಳೆಯುವ ಉಪಾಯ.

"ರಿಮೋಲ್ಡ್ ಆತ ಯಪ್ಪಾ," ಎಂದು ಟೈರನ್ನು ಕಟ್ಟೆಗೆ ಆನಿಸಿ ಇಟ್ಟ. "ಶಿದ್ರಾಮಪ್ಪನ ಕಡೆ ತಯಾರಿದ್ದದ್ದ ಬದಲಿ ಕೊಟ್ಟ."

ಹಣಮಪ್ಪ ಹೆಬ್ಬೆರಳು ಎಳೆದ. ಹೊಸ ಟೈರಿನ ಮೇಲೆ ಕೂದಲಿನಂಥ ಸಣ್ಣ ಸಣ್ಣ ರಬ್ಬರಿನ ಎಳೆಗಳಿರುತ್ತವೆ, ಅವು ಬೆರಳಿಗೆ ಸಿಕ್ಕವು. ಅಂಚಿನಲ್ಲಿ ಪಟ್ಟಿ ಕೂಡಿಸಿದ ಗೆರೆ ಇರಲಿಲ್ಲ. ಅವನು ಮತ್ತೊಮ್ಮೆ ಮುಟ್ಟಿ ನೋಡಲೂ ಇಲ್ಲ.

"ಇದು ಹೊಸಾದು."

ಧರ್ಮರಾಜ ಟೈರನ್ನು ಎತ್ತಿಕೊಳ್ಳಲು ಬಗ್ಗಿದ.

"ಬಿಲ್ ಕಟ್ಟಾಕ ಬರಂಗಿಲ್ಲ ಅಂದ್ರಿ, ಬಿಟ್ನಿ. ಸಂತಿ ಮಾಡಾಕ ಬರಂಗಿಲ್ಲ ಅಂದ್ರಿ, ಬಿಟ್ನಿ. ಈಗ ಟಾಯರ್ ಸೈತ ತಿಳಿಯಂಗಿಲ್ಲ ಅಂತ ಆತೇನಪಾ? ನನ್ನ ಹುಚ್ಚ ಅಂತ ತಿಳದಿ?"

"ಹಂಗಲ್ಲ ಯಪ್ಪಾ..."

"ಸಾಕ."

ಅಂದು ರಾತ್ರಿ ಹಣಮಪ್ಪ ಊಟಕ್ಕೆ ಏಳಲಿಲ್ಲ. ಮರುದಿನ ಚಹಾ ಕುಡಿದ, ರೊಟ್ಟಿ ಮುಟ್ಟಲಿಲ್ಲ. ಅವನಿಗೆ ಇಷ್ಟವೆಂದು ಅಂಜನಾ ಬದನೆಕಾಯಿ ಎಣಗಾಯಿ ಮಾಡಿ ತಟ್ಟೆ ಹಿಡಿದು ನಿಂತಳು. "ಹೊಟ್ಟಿ ಸಮ ಇಲ್ಲವಾ," ಎಂದು ಗೋಡೆಗೆ ತಿರುಗಿದ. ಮೂರನೆಯ ದಿನ ಬೆಳಿಗ್ಗೆ ಬಚ್ಚಲಿಗೆ ಹೋಗುವಾಗ ಸಮತೋಲ ತಪ್ಪಿ ಬಾಗಿಲ ಚೌಕಟ್ಟು ಹಿಡಿದುಕೊಂಡ. ಸಾತವ್ವ ಮಗನ ಮೇಲೆ ಹರಿಹಾಯ್ದಳು.

"ಒಂದ ಟಾಯರ್ ಸಲುವಾಗಿ ಹೆತ್ತಪ್ಪನ್ನ ಸಾಯಸ್ತೀಯೇನ? ಅದೇನ ಅಂವ ಬಂಗಾರ ಕೇಳ್ಯಾನ? ಹೇಳಿದ್ದ ಹಾಕಸು, ಮನಿ ತಣ್ಣಗಾಗಲಿ."

"ಯವ್ವಾ, ಹಿಂದ ಅಂಜನಾ ಕೂಡ್ತಾಳ."

"ನಾ ಏನ ಬ್ಯಾಡ ಅಂದ್ನಿ? ಸಾವಕಾಶ ಹೊಡಿ ಗಾಡಿ."

ಧರ್ಮರಾಜ ಆ ಹೊಸ ಟೈರು ಹೊತ್ತು ಮತ್ತೆ ಮುಧೋಳಕ್ಕೆ ಹೋದ. ಶಿದ್ರಾಮಪ್ಪ ಈ ಸಲ ನಗಲಿಲ್ಲ.

"ನಿಮ್ಮಪ್ಪ ಫೋನ್ ಮಾಡಿದ್ರು. ನೀನೂ ದೊಡ್ಡಂವ ಆದೆಲ್ಲಲೇ ಶಿದ್ರಾಮ ಅಂದ್ರು. ಅವರ ಅನ್ನ ಉಂಡೇನಿ ತಮ್ಮಾ, ಇಲ್ಲ ಅನ್ನಾಕ ನಾಲಿಗಿ ಬರಲಿಲ್ಲ. ಮಾಡಿ ಕೊಡ್ತೇನಿ, ನಾಕ ದಿನ ಬಿಟ್ಟ ಬಾ." ಅಂಗಡಿಯಲ್ಲೇ ಉಳಿದಿದ್ದ ಹಳೆಯ ಟೈರಿನ ಒಳಗೆ ಕೈ ಆಡಿಸಿ ನೋಡಿದ. "ಆದ್ರ ಒಂದ ಮಾತ ಕೇಳು. ಊರಾಗ ಒಬ್ಬನ ಅಡ್ಡಾಡು. ಹಿಂದ ಯಾರ್ನೂ ಕುಂದರಿಸಬ್ಯಾಡ. ಮನ್ಯಾಗಿನ ಹೆಣ್ಮಕ್ಕಳ್ನಂತೂ ಬ್ಯಾಡವ ಬ್ಯಾಡ. ಬಿಸಲಾಗ ಈ ಪಟ್ಟಿ ಯಾವಾಗ ಬಿಡ್ತೈತಿ ಹೇಳಾಕ ಬರಂಗಿಲ್ಲ."

"ಹೂಂ," ಅಂದ ಧರ್ಮರಾಜ.

ಆ ಟೈರು ಬರುವ ತನಕ ಅಂಜನಾ ನಾಲ್ಕೂವರೆಗೆ ಎದ್ದು ರೊಟ್ಟಿ ಬಡಿದು ಏಳರ ಬಸ್ಸಿಗೆ ಹೋದಳು. ಶಾಲೆಯ ಬೀಗ ತೆಗೆಯುವವರೆಗೆ ಮೆಟ್ಟಿಲ ಮೇಲೆ ಕೂತು ಮಕ್ಕಳ ನೋಟ್‌ಬುಕ್ ತಿದ್ದುತ್ತಿದ್ದಳು. ಕೊನೆಯ ದಿನ ಗಂಡನನ್ನು ಕೇಳಿದಳು.

"ಶಿದ್ರಾಮಪ್ಪ ಏನಂದ್ರು?"

"ಏನಿಲ್ಲ. ಗಟ್ಟಿ ಐತಿ ಅಂದ."

ಅಷ್ಟು ಸಲೀಸಾಗಿ ಬಂತು ಆ ಮಾತು. ಅವಳೂ ಅಷ್ಟೇ ಸಲೀಸಾಗಿ ನಂಬಿದಳು. ಟೈರಿನ ಅಂಗಡಿಯವನು ಹೇಳಿದ ಮೇಲೆ ಸರಿಯೇ ಇರಬೇಕು ಎಂದುಕೊಂಡು ಸೋಮವಾರ ಎಂದಿನಂತೆ ಎಂಟೂವರೆಯವರೆಗೂ ಮನೆಗೆಲಸ ಮಾಡಿಕೊಂಡು, ಸೆರಗು ಸುತ್ತಿಕೊಂಡು ಹಿಂದಿನ ಸೀಟಿಗೆ ಕೂತಳು.

ಹಣಮಪ್ಪ ಅಂಗಳದಲ್ಲಿ ನಿಂತು ಕೈಬೀಸಿದ. ಪಟ್ಟಿ ಕೂಡಿಸಿದ ಗೆರೆಯನ್ನು ಹೆಬ್ಬೆರಳಿಂದ ಉಜ್ಜಿ ನೋಡಿ, "ಶಿದ್ರಾಮನ ಕೈ ಇನ್ನೂ ಛಲೋ ಐತಿ," ಎಂದಿದ್ದ. ಅಂದು ಮಧ್ಯಾಹ್ನ ಮೂರು ರೊಟ್ಟಿ ಉಂಡ.

ಮುಂದಿನ ಒಂದು ತಿಂಗಳು ಮನೆ ತಣ್ಣಗಿತ್ತು. ಮುದುಕ ಸಂಜೆ ಕಟ್ಟೆಯ ಮೇಲೆ ಕೂತು ಡಿಪೋದ ಕಥೆ ಹೇಳುತ್ತಿದ್ದ, ಸಾತವ್ವ ಶೇಂಗಾ ಹುರಿದು ಕೊಡುತ್ತಿದ್ದಳು. ಯುವರಾಜ ಮಾತ್ರ ಬೆಳಿಗ್ಗೆ ಗಾಡಿ ಹೊರಗೆ ತೆಗೆಯುವಾಗ ಬಗ್ಗಿ ಹಿಂದಿನ ಟೈರು ನೋಡುತ್ತಿದ್ದ. "ಅಪ್ಪಾ, ಅಂಚಿಗೆ ಸೀಳಿದಂಗ ಕಾಣತೈತಿ," ಎಂದು ಒಂದು ದಿನ ಮೆಲ್ಲಗೆ ಹೇಳಿದ. "ಬಾಯಿ ಮುಚ್ಚು, ಮುತ್ಯಾ ಒಳಗದಾನ," ಅಂದ ಧರ್ಮರಾಜ. ಗಾಡಿಯನ್ನು ಮೂವತ್ತರ ಮೇಲೆ ಓಡಿಸುತ್ತಿರಲಿಲ್ಲ.

"ಯಾಕ್ರಿ ಇಷ್ಟ ಸಾವಕಾಶ? ಸೈಕಲ್ಲಿನವರು ಮುಂದ ಹೊಂಟಾರ," ಅಂಜನಾ ಹಿಂದಿನಿಂದ ನಗುತ್ತಿದ್ದಳು.

"ರಸ್ತೆ ಛಲೋ ಇಲ್ಲ."

ಮಾರ್ಚ್ ಮೊದಲ ವಾರದಲ್ಲಿ ಬಿಸಿಲು ಏಕಾಏಕಿ ಏರಿತು. ಗುರುವಾರ ಸಂಜೆ ನಾಲ್ಕೂವರೆಗೆ ಶಾಲೆಯಿಂದ ವಾಪಸು ಬರುವಾಗ ಹಿಂದಿನ ಚಕ್ರದ ಬಳಿ ಪಟಪಟ ಎಂದು ಬಡಿಯುವ ಸದ್ದು ಬಂತು. ಏನೆಂದು ಧರ್ಮರಾಜ ತಿರುಗುವಷ್ಟರಲ್ಲಿ ಪಟ್ಟಿ ಮೊಳದುದ್ದ ಕಿತ್ತು ಚೈನಿಗೆ ಸುತ್ತಿಕೊಂಡಿತು. ಟ್ಯೂಬು ಒಡೆಯಿತು, ಗಾಡಿಯ ಹಿಂಭಾಗ ಅಡ್ಡಡ್ಡ ಹೊಡೆಯಿತು. ಅಂಜನಾ ನೋಟ್‌ಬುಕ್ಕಿನ ಚೀಲದ ಸಮೇತ ಡಾಂಬರಿನ ಮೇಲೆ ಬಿದ್ದಳು. ಹಿಂದೆ ಬರುತ್ತಿದ್ದ ಕಬ್ಬಿನ ಟ್ರ್ಯಾಕ್ಟರಿನವನು ಹತ್ತು ಮಾರು ದೂರದಲ್ಲಿ ಬ್ರೇಕು ಒತ್ತಿದ. ಅವನ ಹಿಂದೆ ಎರಡು ಟ್ರ್ಯಾಲಿ ತುಂಬ ಕಬ್ಬಿತ್ತು, ನಿಂತದ್ದೇ ಪುಣ್ಯ. ಇಳಿದು ಬಂದು, "ಅಕ್ಕಾರ, ಜೀಂವ ಐತಿಲ್ರಿ?" ಎಂದು ಕೇಳಿದ.

ಬಲ ಮುಂಗೈ ಎರಡು ಕಡೆ ಮುರಿದಿತ್ತು. ಗದ್ದಕ್ಕೆ ಐದು ಹೊಲಿಗೆ. ಧರ್ಮರಾಜನ ಮೊಣಕಾಲು ತರಚಿತ್ತು, ಅಷ್ಟೆ.

ದವಾಖಾನೆಯಿಂದ ಮನೆಗೆ ಬಂದಾಗ ಹಣಮಪ್ಪ ಬಾಗಿಲಲ್ಲೇ ನಿಂತಿದ್ದ. ಸೊಸೆಯ ಪ್ಲಾಸ್ಟರು ನೋಡಿ ಹೊಸ್ತಿಲು ದಾಟಿ ಬಂದ.

"ಏನಾತ್ಲೇ? ಹ್ಯಾಂಗಾತು?"

ಧರ್ಮರಾಜ ಅಪ್ಪನ ಮುಖ ನೋಡಿದ. "ನಾಯಿ ಅಡ್ಡ ಬಂತ ಯಪ್ಪಾ," ಅಂದ.

ಅಂಜನಾ ಗಂಡನನ್ನು ನೋಡಿದಳು. ಮಾವ ಮೂರು ದಿನ ಗೋಡೆಗೆ ಮುಖ ಮಾಡಿ ಮಲಗಿದ್ದನ್ನು ಅವಳೂ ಕಂಡಿದ್ದಳು. ನೋವಿನಲ್ಲೂ ಅವಳಿಗೆ ಮುದುಕನ ಮೇಲೆ ಕನಿಕರ ಬಂತು. "ಹೌದ್ರಿ ಮಾವಾರ, ನಾಯಿ," ಎಂದಳು. ಯುವರಾಜ ಹಲ್ಲು ಕಚ್ಚಿ ಹೊರಗೆ ಹೋದ. ಗಾಡಿ ಪಂಚರ್ ಅಂಗಡಿಯಲ್ಲೇ ಉಳಿಯಿತು. ಹ್ಯಾಂಡಲ್ ಬಾಗಿದೆ, ಸಾಮಾನು ಬರಬೇಕು ಎಂದು ಮನೆಯಲ್ಲಿ ಹೇಳಿದರು.

ಈಗ ರೊಟ್ಟಿ ಬಡಿಯುವುದು ಸಾತವ್ವನ ಪಾಲಿಗೆ ಬಂತು. ಎಪ್ಪತ್ತರ ಕೈ, ನಾಲ್ಕು ರೊಟ್ಟಿಗೆ ಉಸಿರು ಬಿಡುತ್ತಿತ್ತು. ಯುವರಾಜ ಕಾಲೇಜಿಗೆ ಹೋಗುವ ಮುಂಚೆ ಪಾತ್ರೆ ತಿಕ್ಕಿದ, ನೀರು ತುಂಬಿದ. ಧರ್ಮರಾಜ ಹೆಂಡತಿಯ ತಲೆ ಬಾಚಲು ಹೋಗಿ ಸಿಕ್ಕು ಎಳೆದು ಬೈಸಿಕೊಂಡ. ಅಂಜನಾ ಎಡಗೈಯಲ್ಲಿ ಚಮಚ ಹಿಡಿದು ಅನ್ನ ಉಣ್ಣುತ್ತಿದ್ದಳು; ಅರ್ಧ ಸೆರಗಿನ ಮೇಲೆ ಬೀಳುತ್ತಿತ್ತು. ಹತ್ತನೆಯ ದಿನ ಶಾಲೆಯ ಹೆಡ್‌ಮಾಸ್ತರರ ಫೋನು ಬಂತು.

"ಪರೀಕ್ಷಾ ಹತ್ರ ಬಂದಾವು ಟೀಚರ್. ಬ್ಯಾರೆಯವರ್ನ ತೊಗೊಂಡೇವಿ. ತಪ್ಪ ತಿಳ್ಕೋಬ್ಯಾಡ್ರಿ. ಜೂನಕ್ಕ ಅರ್ಜಿ ಹಾಕ್ರಿ, ನೋಡೂಣು."

"ಹೌದ್ರಿ ಸರ್," ಎಂದು ಫೋನಿಟ್ಟಳು. ನೋಡೂಣು ಎಂದರೆ ಏನೆಂದು ಅವಳಿಗೆ ಗೊತ್ತಿತ್ತು. ಆರು ವರ್ಷದಲ್ಲಿ ಒಂದು ದಿನವೂ ಪ್ರಾರ್ಥನೆ ತಪ್ಪಿಸದವಳು ಆ ದಿನ ಮಧ್ಯಾಹ್ನವೆಲ್ಲ ಅತ್ತಳು. ಸಾತವ್ವ ಬೆನ್ನು ಸವರಿ, "ಜೀಂವ ಉಳೀತವಾ, ನೌಕರಿದೇನ," ಅಂದಳು. ಅದು ಸಮಾಧಾನವಾಗಲಿಲ್ಲ.

ನೋಡಲು ಬಂದವರಿಗೆಲ್ಲ ಹಣಮಪ್ಪ ಒಂದೇ ಮಾತು ಹೇಳುತ್ತಿದ್ದ. "ನಾಯಿ ಅಡ್ಡ ಬಂದ್ರ ಗಾಡಿ ಪಲ್ಟಿನ ಹೊಡೀತೈತಿ. ನಾ ಮುಂದ ಹೊಸಾ ಟಾಯರ್ ಹಾಕಸಂತ ಹಟಾ ಹಿಡದಿದ್ನಿ, ಅದಕ್ಕ ಬ್ರೇಕ್ ಹಿಡೀತು, ಉಳದ್ರು." ಬಂದವರು, "ಹೌದ್ ಬಿಡ್ರಿ, ಹಿರಿಯಾರ ಮಾತು," ಎಂದು ಚಹಾ ಕುಡಿದು ಹೋಗುತ್ತಿದ್ದರು. ಒಳಗೆ ಮಂಚದ ಮೇಲೆ ಅಂಜನಾ ಅದನ್ನು ದಿನಕ್ಕೆರಡು ಸಲ ಕೇಳುತ್ತಿದ್ದಳು. ಮೊದಮೊದಲು ನಗು ಬರುತ್ತಿತ್ತು. ಆಮೇಲೆ ಬರಲಿಲ್ಲ.

ಯುಗಾದಿಗೆ ನಾಲ್ಕು ದಿನ ಇದ್ದಾಗ, ಒಂದು ಭಾನುವಾರ ಮಧ್ಯಾಹ್ನ, ಪಕ್ಕದ ಮನೆಯ ಗುರುಸಿದ್ದ ಬಂದ. ಅವನಿಗೆ ಇಬ್ಬರು ಹೆಣ್ಣುಮಕ್ಕಳು. ಇಬ್ಬರನ್ನೂ ಹಿಂದೆ ಕೂರಿಸಿಕೊಂಡು ದಿನಾಲು ಶಾಲೆಗೆ ಬಿಡುತ್ತಿದ್ದ. ಕಟ್ಟೆಯ ಮೇಲೆ ಹಣಮಪ್ಪನ ಪಕ್ಕ ಕೂತ. ಧರ್ಮರಾಜ ಬಾಗಿಲಿಗೊರಗಿ ಪೇಪರು ಓದುತ್ತಿದ್ದ.

"ಕಾಕಾ, ನಂದೂ ಹಿಂದಿನ ಟಾಯರ್ ಬೋಳಾಗೈತಿ. ಯಾವುದ ಹಾಕಸ್ಲಿ?"

ಹಣಮಪ್ಪ ನೆಟ್ಟಗೆ ಕೂತ. "ಮುಂದ ಹೊಸಾದು, ಹಿಂದ ರಿಮೋಲ್ಡ್. ಮುಧೋಳದಾಗ ನನ್ನ ಹುಡುಗ ಅದಾನ, ಮಂದಿಗೆ ಮಾಡಂಗಿಲ್ಲ, ನಾ ಅಂದ್ರ ಮಾಡ್ತಾನ. ಚೀಟಿ ಬರದ ಕೊಡ್ತೇನಿ. ಧರ್ಮಾ, ಪೆನ್ನ ಕೊಡು."

ಧರ್ಮರಾಜ ಪೇಪರಿನಿಂದ ತಲೆ ಎತ್ತಿದ. ಅಪ್ಪನನ್ನು ನೋಡಿದ, ಗುರುಸಿದ್ದನನ್ನು ನೋಡಿದ. ಏನೋ ಹೇಳುವವನಂತೆ ಬಾಯಿ ತೆರೆದ. ಆಮೇಲೆ ಜೇಬಿನಿಂದ ಪೆನ್ನು ತೆಗೆದು ಕೊಟ್ಟ.

ಒಳಗಿನಿಂದ ಇದನ್ನು ಕಂಡ ಅಂಜನಾ ಎದ್ದು ಬಂದಳು.

"ಮಾವಾರ, ಬರೀಬ್ಯಾಡ್ರಿ."

ಹಣಮಪ್ಪ ತಲೆ ಎತ್ತಿದ.

"ನಾಯಿ ಬಂದಿದ್ದಿಲ್ರಿ. ಹಿಂದಿನ ಟಾಯರಿನ ಪಟ್ಟಿ ಕಿತ್ತ ಬಂತು. ಗುರುಸಿದ್ದಣ್ಣಾ, ಹುಡುಗ್ಯಾರ್ನ ಕುಂದರಿಸೂ ಗಾಡಿ ಅದು, ಹೊಸಾದ ಹಾಕಸ್ರಿ."

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ಹಣಮಪ್ಪ ಸೊಸೆಯನ್ನು ಏನೂ ಕೇಳಲಿಲ್ಲ, ಮಗನ ಕಡೆ ತಿರುಗಿದ.

"ಖರೇನ?"

"ಹೌದ ಯಪ್ಪಾ."

"ನಿಮ್ಮವ್ವಗ ಗೊತ್ತೈತಿ?"

"ಐತಿ."

"ಹುಡುಗಗ?"

"ಎಲ್ಲಾರಿಗೂ ಗೊತ್ತೈತಿ."

ಮುದುಕ ಪೆನ್ನಿನ ಟೊಪ್ಪಿಗೆ ಹಾಕಿದ. ಅದನ್ನು ಮಗನ ಕಡೆ ಸರಿಸಿದ.

"ಶಿದ್ರಾಮ ಏನಂದಿದ್ದ? ಖರೆ ಹೇಳು."

ಧರ್ಮರಾಜ ನೆಲ ನೋಡಿದ. "ಹಿಂದ ಯಾರ್ನೂ ಕುಂದರಿಸಬ್ಯಾಡ ಅಂದಿದ್ದ."

"ಅಂದ ಮ್ಯಾಲೂ ಕುಂದರಿಸಿದಿ?"

"ನೀ ಊಟಾ ಬಿಟ್ಟಿದ್ದೆಲ್ಲ ಯಪ್ಪಾ."

"ಬಿಟ್ರ ಬಿಟ್ಟಿದ್ನಿ!" ಹಣಮಪ್ಪನ ದನಿ ಒಡೆಯಿತು. "ಹಸದ್ರ ನಾನ ಎದ್ದ ಉಣ್ತಿದ್ನಿ. ಮುದುಕರ ಸಿಟ್ಟ ಎಷ್ಟ ದಿನದ್ದಲೇ? ನನಗ ತಿಳೀಲಿಲ್ಲ, ನನ್ನ ತಪ್ಪು. ನಿನಗ ತಿಳದಿತ್ತಲ್ಲ. ತಿಳದೂ ಆಕಿನ್ನ ಅದರ ಮ್ಯಾಲ ಕುಂದರಿಸಿದಿ?"

ಗುರುಸಿದ್ದ, "ಬರ್ತೇನ್ರಿ ಕಾಕಾ," ಎಂದು ಮೆಲ್ಲಗೆ ಎದ್ದು ಹೋದ. ಹಣಮಪ್ಪ ಗೋಡೆ ಹಿಡಿದುಕೊಂಡು ಏಳಲು ನೋಡಿದ. ಧರ್ಮರಾಜ ತೋಳು ಹಿಡಿಯಲು ಹೋದರೆ ಕೊಡವಿಕೊಂಡ. ಸೊಸೆಯ ಮುಂದೆ ಹಾಯುವಾಗ ನಿಂತು ಅವಳ ಪ್ಲಾಸ್ಟರಿನ ಕೈಗೆ ಕೈಮುಗಿದು, ಒಳಗೆ ಹೋಗಿ ಮಲಗಿದ.

ಕಟ್ಟೆಯ ಮೇಲೆ ಗಂಡಹೆಂಡತಿ ಇಬ್ಬರೇ ಉಳಿದರು. ಅಂಜನಾಳಿಗೆ ಕೂಗಾಡುವಷ್ಟು ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ಬಾಗಿಲ ಹೊಸ್ತಿಲ ಮೇಲೆ ಕೂತಳು.

"ನನ್ನ ಮುಂದ ಗಟ್ಟಿ ಐತಿ ಅಂದ್ರಿ."

ಅವನು ಪೇಪರು ಮಡಚಿದ.

"ನಾಕ ದಿನ ಬಸ್ಸಿಗೆ ಹೋಗಿದ್ದಾಕಿ, ವರ್ಷಪೂರ್ತಿ ಹೋಗ್ತಿದ್ನಿ. ನನಗೊಂದ ಮಾತ ಹೇಳಾಕ ಏನಾಗಿತ್ತ್ರಿ ನಿಮಗ?"

ಧರ್ಮರಾಜನ ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲೂ ಇಲ್ಲ. ಮದುವೆಯಾಗಿ ಇಪ್ಪತ್ತೊಂದು ವರ್ಷದಲ್ಲಿ ಮೊದಲ ಸಲ ಅವನು ಹೂಂ ಎನ್ನದೆ ಇದ್ದದ್ದನ್ನು ಇದ್ದಂತೆ ಹೇಳಿದ.

"ನೀ ಬಸ್ಸಿಗೆ ಹೋದ್ರ ಅಪ್ಪ ಮತ್ತ ಊಟಾ ಬಿಡ್ತಿದ್ದ. ಹೇಳಿದ್ರ ನೀ ಕೂಡ್ತಿದ್ದಿಲ್ಲ."